ಸಣ್ಣ ಸರ್ಕಾರಿ ಹೈಸ್ಕೂಲಿನ ದಾಖಲಾತಿ ಲೆಕ್ಕ: ಜೂನ್‌ನಿಂದ ಸೆಪ್ಟೆಂಬರ್ 30ರವರೆಗೆ

ನೂರು-ನೂರಿಪ್ಪತ್ತು ಮಕ್ಕಳಿರುವ ಹೈಸ್ಕೂಲಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬರುತ್ತದೆ: ‘ಒಟ್ಟು ಎಷ್ಟು ಮಕ್ಕಳು?’ ಹಾಜರಿ ಪುಸ್ತಕ ಒಂದು ಸಂಖ್ಯೆ ಹೇಳುತ್ತದೆ, ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್ ಇನ್ನೊಂದು, ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್ ಮತ್ತೊಂದು, ಬಿಸಿಯೂಟದ ವಹಿ ಬೇರೆಯದೇ ಒಂದು. ಬಹುತೇಕ ಸಲ ಇವುಗಳಲ್ಲಿ ಯಾವುದೂ ಸುಳ್ಳಾಗಿರುವುದಿಲ್ಲ. ಒಂದೊಂದೂ ಒಂದೊಂದು ತಾರೀಖಿನ ಲೆಕ್ಕ, ಅಷ್ಟೆ. ಹಾಗಾಗಿ ಮೊದಲು ರೂಢಿಸಿಕೊಳ್ಳಬೇಕಾದದ್ದು ಇಷ್ಟು: ತಾರೀಖು ಬರೆಯದೆ ಸಂಖ್ಯೆ ಕೊಡಬೇಡಿ, ಹೆಸರಿನ ಪಟ್ಟಿ ಹಿಂದೆ ಇಲ್ಲದೆ ಸಂಖ್ಯೆ ಬರೆಯಬೇಡಿ.

ವಿಜಯಪುರ ಜಿಲ್ಲೆಯ ಇಂಡಿ, ಚಡಚಣ, ಸಿಂದಗಿ ಕಡೆಯ ಹಳ್ಳಿ ಹೈಸ್ಕೂಲುಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಬಾಗಲಕೋಟೆ, ಬೆಳಗಾವಿಯಲ್ಲೂ ಕ್ರಮ ಇದೇ. ಗಡಿ, ಭಾಷೆ, ಗುಳೆಯ ಪ್ರಮಾಣ ಮಾತ್ರ ಬದಲಾಗುತ್ತದೆ.

ಮೂಲ ಪಟ್ಟಿ

ಜೂನ್ ಮೊದಲ ವಾರ ಒಂದು ಉದ್ದ ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಮಗುವಿಗೆ ಒಂದೇ ಸಾಲು. ಕಾಲಂಗಳು ಈ ಕ್ರಮದಲ್ಲಿದ್ದರೆ ಮುಂದೆ ಎಣಿಸುವುದು ಸಲೀಸು: ಜನರಲ್ ರಜಿಸ್ಟರ್ ನಂಬರ್, ಒಂಬತ್ತು ಅಂಕಿಯ ಸ್ಯಾಟ್ಸ್ ಸಂಖ್ಯೆ, ಹನ್ನೊಂದು ಅಂಕಿಯ ಪೆನ್ ಸಂಖ್ಯೆ (ಯುಡೈಸ್ ಕೊಡುವ ಶಾಶ್ವತ ವಿದ್ಯಾರ್ಥಿ ಸಂಖ್ಯೆ), ಆಧಾರ್‌ನಲ್ಲಿ ಇರುವಂತೆ ಹೆಸರು, ಹಿಂದಿನ ಶಾಲೆಯ ಟಿಸಿಯಲ್ಲಿ (ವರ್ಗಾವಣೆ ಪತ್ರ) ಇರುವಂತೆ ಹೆಸರು, ತಂದೆ-ತಾಯಿ ಹೆಸರು, ಜನ್ಮ ದಿನಾಂಕ, ಗಂಡು/ಹೆಣ್ಣು, ಜಾತಿ, ಪ್ರವರ್ಗ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಧರ್ಮ, ಮನೆಮಾತು, ವಿಶೇಷ ಅಗತ್ಯ, ಯಾವ ಶಾಲೆಯಿಂದ ಬಂದದ್ದು, ಯಾವ ಊರು ಅಥವಾ ತಾಂಡಾ, ಸೇರಿದ ದಿನ, ಬಿಟ್ಟ ದಿನ. ಕೊನೆಗೆ ಷರಾ.

ಹೆಸರಿಗೆ ಎರಡು ಕಾಲಂ ಯಾಕೆ ಎಂದು ಕೇಳಬಹುದು. ನಮ್ಮ ಕಡೆ ಅಡ್ಡಹೆಸರಿನ ಗೊಂದಲ ಸಣ್ಣದಲ್ಲ. ಆಧಾರ್‌ನಲ್ಲಿ ‘ಮಲ್ಲಪ್ಪ ಬಸಪ್ಪ ಬಿರಾದಾರ’, ಪ್ರಾಥಮಿಕ ಶಾಲೆಯಲ್ಲಿ ‘ಮಲ್ಲಪ್ಪ ಬಿರಾದಾರ’, ಸ್ಯಾಟ್ಸ್‌ನಲ್ಲಿ ಬರೀ ‘ಮಲ್ಲಪ್ಪ’. ಮೂರೂ ಒಬ್ಬನೇ ಹುಡುಗ. ಯುಡೈಸ್‌ನಲ್ಲಿ ಆಧಾರ್ ತಾಳೆ ನೋಡುವಾಗ, ದೇಶಕ್ಕೆಲ್ಲ ಒಂದೇ ಆದ ವಿದ್ಯಾರ್ಥಿ ಗುರುತು, ಅಂದರೆ ಹನ್ನೆರಡು ಅಂಕಿಯ ಅಪಾರ್ ಐಡಿ ಮಾಡುವಾಗ ಈ ವ್ಯತ್ಯಾಸಕ್ಕೇ ಅರ್ಜಿ ನಿಂತುಬಿಡುತ್ತದೆ. 8ನೇ ತರಗತಿಯಲ್ಲೇ ಎರಡೂ ರೂಪ ಪಕ್ಕಪಕ್ಕ ಬರೆದಿಟ್ಟರೆ ಯಾರ ಹೆಸರು ತಿದ್ದಿಸಬೇಕು ಎಂಬುದು ಅಂದೇ ಗೊತ್ತಾಗುತ್ತದೆ. 10ನೇ ತರಗತಿಗೆ ಬಂದ ಮೇಲೆ ತಡ. ಎಸ್‌ಎಸ್‌ಎಲ್‌ಸಿ ನೋಂದಣಿಗೆ ಸ್ಯಾಟ್ಸ್ ಮಾಹಿತಿಯೇ ಹೋಗುವುದರಿಂದ ಅಲ್ಲಿರುವ ತಪ್ಪು ಅಂಕಪಟ್ಟಿಯಲ್ಲೂ ಅಚ್ಚಾಗುತ್ತದೆ.

ಜನ್ಮ ದಿನಾಂಕದ ಕಾಲಂ ತುಂಬಿದ ಮೇಲೆ ಒಮ್ಮೆ ಕಣ್ಣಾಡಿಸಿ. ಜೂನ್ 1 ಎಂಬ ಹುಟ್ಟುಹಬ್ಬ ಸಾಲುಸಾಲಾಗಿ ಕಂಡರೆ ಆಶ್ಚರ್ಯಪಡಬೇಕಿಲ್ಲ, ಒಂದನೇ ತರಗತಿಗೆ ಸೇರಿಸುವ ದಿನ ಮಾಸ್ತರರು ಬರೆದದ್ದು ಅದು. ಅದನ್ನು ನೀವೇ ‘ಸರಿಪಡಿಸಲು’ ಹೋಗಬೇಡಿ. ಟಿಸಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಜನನ ಪ್ರಮಾಣಪತ್ರ ಬೇರೆ ಹೇಳಿದರೆ ಷರಾದಲ್ಲಿ ಗುರುತು ಮಾಡಿ, ಪಾಲಕರಿಗೆ ಲಿಖಿತವಾಗಿ ತಿಳಿಸಿ. ಜನ್ಮ ದಿನಾಂಕದ ತಿದ್ದುಪಡಿ ಹೆಡ್‌ಮಾಸ್ತರರ ಒಂದು ಸಹಿಯಿಂದ ಮುಗಿಯುವ ಕೆಲಸವಲ್ಲ.

ಹಳೆಯ ಕಾಗದಗಳಲ್ಲಿ ಜಿಲ್ಲೆ ‘ಬಿಜಾಪುರ’ ಎಂದಿರುತ್ತದೆ. 2014ರ ನವೆಂಬರ್ 1ರಿಂದ ಅದು ವಿಜಯಪುರ. ಇದಕ್ಕಾಗಿ ಪಾಲಕರನ್ನು ನಾಡಕಚೇರಿಗೆ ಓಡಿಸಬೇಡಿ. ಈಗಿನ ಹೆಸರು ನೀವು ಬರೆದುಕೊಂಡರೆ ಸಾಕು.

8ನೇ ತರಗತಿಗೆ ಮಕ್ಕಳು ಬರುವ ದಾರಿ

ಹೈಸ್ಕೂಲಿನ ದಾಖಲಾತಿ ಶುರುವಾಗುವುದು ಸುತ್ತಲಿನ ಪ್ರಾಥಮಿಕ ಶಾಲೆಗಳ 7ನೇ ತರಗತಿಯಲ್ಲಿ. ಬೇಸಿಗೆ ಸೂಟಿ ಬಿಡುವ ಮುಂಚೆಯೇ, ಅಂದರೆ ಮಾರ್ಚ್ ಕೊನೆಗೆ, ಆ ಶಾಲೆಗಳಿಂದ 7ನೇ ತರಗತಿಯ ಹೆಸರಿನ ಪಟ್ಟಿ ತರಿಸಿಕೊಳ್ಳಿ. ಗಂಡು ಮಕ್ಕಳ ಶಾಲೆ, ಹೆಣ್ಣು ಮಕ್ಕಳ ಶಾಲೆ, ಉರ್ದು ಶಾಲೆ, ತಾಂಡಾದ ಎಲ್‌.ಟಿ. (ಲಂಬಾಣಿ ತಾಂಡಾ) ಶಾಲೆ ಯಾವುದನ್ನೂ ಬಿಡಬೇಡಿ. ತಾಂಡಾ ಶಾಲೆಯಲ್ಲಿ 5ರವರೆಗೆ ಮಾತ್ರ ಇದ್ದರೆ ಆ ಮಕ್ಕಳು 6 ಮತ್ತು 7ನ್ನು ಎಲ್ಲಿ ಓದಿದರು ಎಂಬುದನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಕೇಳಿ.

ಈ ವರ್ಷ 8ಕ್ಕೆ ಮಕ್ಕಳು ಕಡಿಮೆ ಎಂದರೆ ಕಾರಣವನ್ನು ಬಹಳ ಸಲ ಈ ವರ್ಷದಲ್ಲಿ ಹುಡುಕಬಾರದು. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳು ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ತೆಗೆದುಕೊಳ್ಳುವುದು 6ನೇ ತರಗತಿಗೆ. ಊರಿನ ಜಾಣ ಮಕ್ಕಳಲ್ಲಿ ಕೆಲವರು ಎರಡು ವರ್ಷ ಮೊದಲೇ ಹೋಗಿರುತ್ತಾರೆ. 5ರ ಪಟ್ಟಿ ಮತ್ತು 6ರ ಪಟ್ಟಿ ಪಕ್ಕಪಕ್ಕ ಇಟ್ಟರೆ ಎರಡು ವರ್ಷದ ನಂತರ ನಿಮ್ಮ 8ನೇ ತರಗತಿ ಎಷ್ಟು ದೊಡ್ಡದಿರುತ್ತದೆ ಎಂಬುದು ಈಗಲೇ ಸುಮಾರಾಗಿ ಗೊತ್ತಾಗುತ್ತದೆ.

ಸೇರಿಸಿಕೊಳ್ಳುವಾಗ ಎರಡು ಕಡೆ ವರ್ಗಾವಣೆ ಆಗಬೇಕು. ಸ್ಯಾಟ್ಸ್‌ನಲ್ಲಿ ಹಿಂದಿನ ಶಾಲೆ ಟಿಸಿ ಕೊಡಬೇಕು, ನೀವು ಅದೇ ಸಂಖ್ಯೆಯಿಂದ ದಾಖಲು ಮಾಡಿಕೊಳ್ಳಬೇಕು. ಯುಡೈಸ್‌ನಲ್ಲಿ ಹಿಂದಿನ ಶಾಲೆ ಬಿಟ್ಟುಕೊಟ್ಟ ಮಗು, ಹೊಸ ಶಾಲೆ ಇನ್ನೂ ಎಳೆದುಕೊಳ್ಳದವರ ಪಟ್ಟಿಯಾದ ಡ್ರಾಪ್‌ಬಾಕ್ಸ್‌ನಲ್ಲಿ ಕೂತಿರುತ್ತದೆ. ಪೆನ್ ಸಂಖ್ಯೆ ಮತ್ತು ಜನ್ಮ ದಿನಾಂಕ ಹಾಕಿ ನೀವು ಎಳೆದುಕೊಳ್ಳಬೇಕು. ಒಂದು ಕಡೆ ಆಗಿ ಇನ್ನೊಂದು ಕಡೆ ಬಿಟ್ಟುಹೋಗುವುದೇ ‘ಸ್ಯಾಟ್ಸ್‌ನಲ್ಲಿ 42, ಯುಡೈಸ್‌ನಲ್ಲಿ 39’ ಎಂಬ ಗೋಳಿನ ಮೂಲ. ಮಗು ಸಿಗಲಿಲ್ಲವೆಂದು ಹೊಸದಾಗಿ ನೋಂದಣಿ ಮಾಡಲು ಹೋಗಬೇಡಿ. ಒಂದೇ ಮಗುವಿಗೆ ಎರಡು ಸಂಖ್ಯೆ ಬಿದ್ದರೆ ಬಿಡಿಸುವ ಹೊತ್ತಿಗೆ ವಿದ್ಯಾರ್ಥಿವೇತನದ ಕೊನೆ ದಿನಾಂಕ ದಾಟಿರುತ್ತದೆ. ಸಿಗದಿರುವುದಕ್ಕೆ ಸಾಮಾನ್ಯ ಕಾರಣ ಜನ್ಮ ದಿನಾಂಕದಲ್ಲಿ ಒಂದು ಅಂಕಿಯ ವ್ಯತ್ಯಾಸ. ಹಿಂದಿನ ಶಾಲೆಗೆ ಫೋನ್ ಮಾಡಿ ಅವರ ಪರದೆಯ ಮೇಲೆ ಏನಿದೆ ಎಂದು ಓದಿಸಿಕೊಳ್ಳಿ.

ಜತ್ತ, ಸೊಲ್ಲಾಪುರ, ಮಿರಜ ಕಡೆಯಿಂದ ಬರುವ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ ಇರುವುದಿಲ್ಲ, ಅದು ಕರ್ನಾಟಕದ್ದು. ಆದರೆ ಪೆನ್ ದೇಶಕ್ಕೆಲ್ಲ ಒಂದೇ, ಆದ್ದರಿಂದ ಮಹಾರಾಷ್ಟ್ರದ ದಾಖಲೆಯಲ್ಲಿ ಮೊದಲು ಅದನ್ನೇ ಹುಡುಕಿ. ಟಿಸಿ ತರಲು ತಡವಾಯಿತೆಂದು 8ನೇ ತರಗತಿಯ, ಹದಿನಾಲ್ಕರೊಳಗಿನ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವುದನ್ನು 14ನೇ ಕಲಂ ತಡೆಯುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿರಿ, ಮೂಲ ಪಟ್ಟಿಯ ಷರಾದಲ್ಲಿ ‘ಟಿಸಿ ಬಾಕಿ’ ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಸಂಖ್ಯೆ ಕೇಳಿದಾಗ ‘118, ಅದರಲ್ಲಿ ಟಿಸಿ ಬಾಕಿ 2’ ಎನ್ನುವುದು ಸರಿಯಾದ ಉತ್ತರ.

ಮರಾಠಿ ಅಥವಾ ಉರ್ದು ಮಾಧ್ಯಮದಿಂದ ಕನ್ನಡ ಮಾಧ್ಯಮದ 8ಕ್ಕೆ ಬಂದವರ ಪ್ರಥಮ ಭಾಷೆಯನ್ನು ಪಾಲಕರ ಮುಂದೆಯೇ ಕೇಳಿ ಬರೆಯಿರಿ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ‘ಎಲ್ಲರಿಗೂ ಕನ್ನಡ’ ಎಂದು ಒಂದೇ ಏಟಿಗೆ ತುಂಬಿದ ಕಾಲಂ ಎರಡು ವರ್ಷದ ನಂತರ ಜಗಳ ತರುತ್ತದೆ.

ಪ್ರವರ್ಗ, ಧರ್ಮ, ಮನೆಮಾತು: ಮೂರು ಬೇರೆ ಎಣಿಕೆ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಒಂದು ಉದಾಹರಣೆ ಶಾಲೆ ತೆಗೆದುಕೊಳ್ಳೋಣ. 8ರಲ್ಲಿ 19 ಗಂಡು, 23 ಹೆಣ್ಣು. 9ರಲ್ಲಿ 17 ಮತ್ತು 20. 10ರಲ್ಲಿ 21 ಮತ್ತು 18. ಒಟ್ಟು 57 ಗಂಡು, 61 ಹೆಣ್ಣು, 118. ಪ್ರವರ್ಗದ ಪ್ರಕಾರ ಪರಿಶಿಷ್ಟ ಜಾತಿ 34, ಪರಿಶಿಷ್ಟ ಪಂಗಡ 11, ಹಿಂದುಳಿದ ವರ್ಗ 58, ಸಾಮಾನ್ಯ 15. ಕೂಡಿಸಿದರೆ 118, ಸರಿ. ಇದೇ ಶಾಲೆಯಲ್ಲಿ 16 ಮುಸ್ಲಿಂ ಮಕ್ಕಳಿದ್ದಾರೆ. ಅವರನ್ನು ‘ಅಲ್ಪಸಂಖ್ಯಾತರು 16’ ಎಂದು ಐದನೆಯ ಸಾಲಾಗಿ ಸೇರಿಸಿದರೆ ಮೊತ್ತ 134 ಆಗುತ್ತದೆ. ಅವರು ಆಗಲೇ 58 ಮತ್ತು 15ರ ಒಳಗೆ ಎಣಿಕೆಯಾಗಿದ್ದಾರೆ. ಅಲ್ಪಸಂಖ್ಯಾತ ಎಂಬುದು ಧರ್ಮದ ಎಣಿಕೆ, ಪ್ರವರ್ಗ ಬೇರೆ ಎಣಿಕೆ. ಬೆಳಗಾವಿ ಜಿಲ್ಲೆಯ ಶಾಲೆಗಳು ಜೈನ ಮಕ್ಕಳ ವಿಷಯದಲ್ಲೂ ಇದೇ ಎಚ್ಚರ ವಹಿಸಬೇಕು.

ಇನ್ನೊಂದು ತೊಡಕು ರಾಜ್ಯದ ವಿಂಗಡಣೆಗೂ ಯುಡೈಸ್‌ಗೂ ಇರುವ ಅಂತರ. ನಮ್ಮಲ್ಲಿ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂದು ಐದು ವಿಭಾಗ. ಯುಡೈಸ್‌ನಲ್ಲಿ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಹಿಂದುಳಿದ ವರ್ಗ ಎಂಬ ನಾಲ್ಕೇ ಮನೆ. 3ಬಿಯ ಮಕ್ಕಳನ್ನು ಒಂದು ವರ್ಷ ಹಿಂದುಳಿದ ವರ್ಗಕ್ಕೆ, ಮರುವರ್ಷ ಇನ್ನೊಬ್ಬರು ಸಾಮಾನ್ಯಕ್ಕೆ ಹಾಕಿದರೆ ಊರಿನ ಜಾತಿ ರಚನೆಯೇ ಒಂದು ವರ್ಷದಲ್ಲಿ ಮಗುಚಿದಂತೆ ವರದಿ ಕಾಣುತ್ತದೆ. ಬಿಆರ್‌ಸಿಯ (ಕ್ಷೇತ್ರ ಸಂಪನ್ಮೂಲ ಕೇಂದ್ರದ) ಎಂಐಎಸ್ ಸಂಯೋಜಕರು, ಅಂದರೆ ಶಾಲಾ ಮಾಹಿತಿ ನೋಡಿಕೊಳ್ಳುವವರು, ಹೇಳಿದ ಕ್ರಮವನ್ನು ಮೂಲ ಪಟ್ಟಿಯ ಮೊದಲ ಪುಟದಲ್ಲೇ ತಾರೀಖು ಹಾಕಿ ಬರೆದಿಡಿ. ಮುಂದೆ ಬರುವ ಗುಮಾಸ್ತರಿಗೂ ಅದೇ ಆಧಾರ.

ಜಾತಿಯನ್ನು ಮುಖ ನೋಡಿ, ಅಡ್ಡಹೆಸರು ಕೇಳಿ ಬರೆಯಬೇಡಿ. ವಿಜಯಪುರ, ಬಾಗಲಕೋಟೆಯಲ್ಲಿ ‘ತಳವಾರ’ ಎಂಬ ಒಂದೇ ಹೆಸರು ಸಾಕು ಗೊಂದಲಕ್ಕೆ. 2020ರಲ್ಲಿ ಪರಿವಾರ, ತಳವಾರ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಅಣ್ಣನದು ಪ್ರವರ್ಗ-1, ತಮ್ಮನದು ಪರಿಶಿಷ್ಟ ಪಂಗಡ ಎಂದಿರುವ ಮನೆಗಳು ಸಿಗುತ್ತವೆ. ಅದನ್ನು ತೀರ್ಮಾನಿಸುವುದು ಕಂದಾಯ ಇಲಾಖೆ. ಮಗುವಿನ ಪ್ರಮಾಣಪತ್ರದಲ್ಲಿ ಏನಿದೆಯೋ ಅದನ್ನು ಆರ್‌ಡಿ ಸಂಖ್ಯೆ ಸಮೇತ ಬರೆಯುವುದಷ್ಟೇ ಶಾಲೆಯ ಕೆಲಸ. ಪ್ರಮಾಣಪತ್ರ ಇನ್ನೂ ಬರದಿದ್ದರೆ ಟಿಸಿಯಲ್ಲಿ ಇದ್ದದ್ದನ್ನು ಬರೆದು ಷರಾ ಹಾಕಿ.

ಮನೆಮಾತಿನ ಕಾಲಂ ಅನ್ನು ಯಾರೂ ಗಂಭೀರವಾಗಿ ತುಂಬುವುದಿಲ್ಲ, ಅದೇ ಬೇಸರ. ಕನ್ನಡ ಮಾಧ್ಯಮವೆಂದರೆ ಮನೆಮಾತೂ ಕನ್ನಡ ಎಂದು ಮೇಲಿಂದ ಕೆಳಗೆ ಎಳೆದುಬಿಡುತ್ತಾರೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಪೇಟೆಯ ಓಣಿಯ ಮಗು ಉರ್ದು, ಗಡಿ ಹಳ್ಳಿಯ ಮಗು ಮರಾಠಿ. 8ರಲ್ಲಿ ಓದಲು ತಡವರಿಸುವ ಮಕ್ಕಳ ಪಟ್ಟಿಯನ್ನು ಈ ಕಾಲಂ ಪಕ್ಕದಲ್ಲಿಟ್ಟು ನೋಡಿದರೆ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಸೇತುಬಂಧ ತರಗತಿಯಲ್ಲಿ ಯಾರನ್ನು ಮುಂದೆ ಕೂರಿಸಬೇಕು ಎಂಬುದು ತಿಳಿಯುತ್ತದೆ. ‘ಮನೆಯಲ್ಲಿ ಅವ್ವನ ಜೊತೆ ಯಾವ ಮಾತು ಆಡ್ತೀ?’ ಎಂದು ಮಗುವನ್ನೇ ಕೇಳಿ. ‘ಮಾತೃಭಾಷೆ ಯಾವುದು’ ಎಂದು ಕೇಳಿದರೆ ಶಾಲೆಗೆ ಒಪ್ಪುವ ಉತ್ತರವನ್ನೇ ಕೊಡುತ್ತದೆ.

ವಿಶೇಷ ಅಗತ್ಯದ ಮಕ್ಕಳಿಗೆ 2016ರ ಕಾಯ್ದೆಯಂತೆ 21 ವಿಧಗಳಿವೆ. ದಪ್ಪ ಕನ್ನಡಕ ಹಾಕಿದ ಮಗುವನ್ನೆಲ್ಲ ದೃಷ್ಟಿದೋಷಕ್ಕೆ ಸೇರಿಸಬೇಡಿ, ಕಿವಿ ಕೇಳದೆ ಹಿಂದೆ ಕೂತ ಮಗುವನ್ನು ಬಿಡಲೂ ಬೇಡಿ.

ಸೆಪ್ಟೆಂಬರ್ 30 ಏನನ್ನು ಮುಚ್ಚಿಡುತ್ತದೆ

ಯುಡೈಸ್‌ನ ಉಲ್ಲೇಖ ದಿನಾಂಕ ಸೆಪ್ಟೆಂಬರ್ 30. ದಸರಾ ಸೂಟಿಯ ಗಡಿಬಿಡಿಯೂ ಆಗಲೇ ಇರುವುದರಿಂದ ಕೆಲಸವನ್ನು ಸೆಪ್ಟೆಂಬರ್ 15ಕ್ಕೆ ಹಿಡಿಯಿರಿ. ಒಂದು ದಿನ ಮೂಲ ಪಟ್ಟಿ ಹಿಡಿದು ತರಗತಿಗೆ ಹೋಗಿ, ಹೆಸರು ಕೂಗಿ, ಎದ್ದು ನಿಂತ ಮಗುವಿಗೆ ಟಿಕ್ ಹಾಕಿ. ಏಳದವರ ಬಗ್ಗೆ ಓರಗೆಯವರನ್ನು ಕೇಳಿದರೆ ಸಾಕು, ಯಾರು ಎಲ್ಲಿದ್ದಾರೆ ಎಂಬುದು ಹತ್ತು ನಿಮಿಷದಲ್ಲಿ ಹೊರಬೀಳುತ್ತದೆ.

ಆದರೆ ಈ ದಿನಾಂಕಕ್ಕೆ ಒಂದು ದೋಷವಿದೆ. ಕಬ್ಬಿನ ಹಂಗಾಮು ಅದರ ನಂತರ ಶುರುವಾಗುತ್ತದೆ. ತಾಂಡಾಗಳಿಂದ ಮುಕಾದಮನ (ಕೂಲಿಯಾಳು ಕರೆದೊಯ್ಯುವ ಗುತ್ತಿಗೆದಾರ) ಮುಂಗಡ ಹಿಡಿದು ಸಾಂಗ್ಲಿ, ಕೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗುವ ಕುಟುಂಬಗಳು ದೀಪಾವಳಿಯ ಆಸುಪಾಸು ಹೊರಡುತ್ತವೆ, ಯುಗಾದಿಯ ಸುಮಾರಿಗೆ ಮರಳುತ್ತವೆ. ಸೆಪ್ಟೆಂಬರ್‌ನ ಲೆಕ್ಕದಲ್ಲಿ ಅವರ ಮಕ್ಕಳೆಲ್ಲ ಹಾಜರು, ಫೆಬ್ರುವರಿಯ ಬೆಂಚುಗಳಲ್ಲಿ ಇಲ್ಲ. ಇದಕ್ಕಾಗಿ ಶಾಲೆ ತನ್ನದೇ ಎರಡನೇ ಎಣಿಕೆ ಇಟ್ಟುಕೊಳ್ಳಬೇಕು: ಜನವರಿ 15ರ ಸುಮಾರಿಗೆ ಅದೇ ಪಟ್ಟಿ, ಅದೇ ಟಿಕ್, ಬೇರೆ ಬಣ್ಣದ ಶಾಯಿ. ಗುಳೆ ಹೋದ ಮಗುವಿನ ಷರಾದಲ್ಲಿ ಹೋದ ತಿಂಗಳು, ಹೋದ ಊರು, ಮಗು ಜೊತೆಗೆ ಹೋಗಿದೆಯೋ ಅಜ್ಜಿಯ ಹತ್ತಿರ ಉಳಿದಿದೆಯೋ ಎಂಬುದು ಇರಲಿ. ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಅವಸರ ಬೇಡ. 10ನೇ ತರಗತಿಯವರಾದರೆ ಮೊದಲು ಹಾಜರಾತಿ ಲೆಕ್ಕ ಹಾಕಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶೇ. 75 ಬೇಕು, ಇನ್ನು ಎಷ್ಟು ದಿನ ತಪ್ಪಿಸಿದರೆ ಕುತ್ತು ಎಂಬುದನ್ನು ಪಾಲಕರು ಹೊರಡುವ ಮುಂಚೆಯೇ ಅವರಿಗೆ ಅಂಕಿ ಹೇಳಿ ತಿಳಿಸಿ. ಉಪದೇಶಕ್ಕೆ ಮಣಿಯದವರು ‘ಇನ್ನು 11 ದಿನ ಮಾತ್ರ’ ಎಂದರೆ ನಿಂತು ಕೇಳುತ್ತಾರೆ.

ಮದುವೆ ಹಂಗಾಮಿನಲ್ಲಿ 9, 10ನೇ ತರಗತಿಯ ಹುಡುಗಿಯೊಬ್ಬಳು ‘ಅತ್ತೆ ಮನೆಗೆ ಹೋಗ್ಯಾಳ’ ಎಂಬ ಉತ್ತರ ಬಂದರೆ ಅದು ಬರೀ ಗೈರುಹಾಜರಿಯಲ್ಲ. ಬಾಲ್ಯವಿವಾಹದ ಅನುಮಾನವಿದ್ದರೆ ಅದೇ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ದರಗಳು

ಸಣ್ಣ ಶಾಲೆಗೆ ಶೇಕಡಾ ಅಪಾಯಕಾರಿ. 28 ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ. 3.6. ‘ಹೆಣ್ಣು ಮಕ್ಕಳ ದಾಖಲಾತಿ ಶೇ. 7 ಇಳಿಯಿತು’ ಎಂಬ ಗಾಬರಿಯ ಹಿಂದೆ ಇಬ್ಬರು ಅಕ್ಕತಂಗಿಯರ ಅಪ್ಪ ಬಾಗಲಕೋಟೆಗೆ ಕೆಲಸ ಬದಲಿಸಿದ್ದು ಇರಬಹುದು. ಶೇಕಡಾ ಬರೆಯುವಲ್ಲೆಲ್ಲ ಪಕ್ಕದಲ್ಲಿ ತಲೆಯೆಣಿಕೆ ಬರೆಯಿರಿ. ಮೂರು ವರ್ಷ ಕೂಡಿಸಿ ನೋಡದೆ ಏರಿತು, ಇಳಿಯಿತು ಎನ್ನಬೇಡಿ.

7ರಿಂದ 8ಕ್ಕೆ ಬಂದವರ ದರ ತೆಗೆಯುವಾಗ ಆಗುವ ತಪ್ಪು ನೋಡಿ. ಸುತ್ತಲಿನ ಶಾಲೆಗಳಲ್ಲಿ 7 ಮುಗಿಸಿದವರು 51, ನಿಮ್ಮ 8ರಲ್ಲಿ 42 ಇದ್ದಾರೆ ಎಂದುಕೊಳ್ಳಿ. 42ನ್ನು 51ರಿಂದ ಭಾಗಿಸಿ ಶೇ. 82 ಎಂದರೆ ತಪ್ಪು. ಆ 42ರಲ್ಲಿ ನಾಲ್ವರು ಬೇರೆ ಊರಿಂದ ಬಂದವರು, 51ರಿಂದ ಬಂದವರು 38 ಮಾತ್ರ. ಉಳಿದ 13ರಲ್ಲಿ 7 ಮಕ್ಕಳು ತಾಲ್ಲೂಕು ಕೇಂದ್ರದ ಅನುದಾನಿತ ಶಾಲೆಗೆ, 4 ಮಕ್ಕಳು ಹಾಸ್ಟೆಲ್ ಹಿಡಿದು ಬೇರೆ ಸರ್ಕಾರಿ ಹೈಸ್ಕೂಲಿಗೆ ಸೇರಿದ್ದಾರೆ, ಇಬ್ಬರ ಸುಳಿವಿಲ್ಲ. ಹಾಗಾದರೆ ಎಲ್ಲಾದರೂ 8ಕ್ಕೆ ಸೇರಿದವರು 49, ಶೇ. 96. ನಿಮ್ಮ ಶಾಲೆಗೆ ಬಂದವರು 38, ಶೇ. 74.5. ಮೊದಲನೆಯದು ಊರಿನ ಮಕ್ಕಳ ಸ್ಥಿತಿ, ಎರಡನೆಯದು ಶಾಲೆಯ ಮೇಲೆ ಊರಿಗಿರುವ ನಂಬಿಕೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ಮುಖ್ಯವಾದದ್ದು ಆ ಇಬ್ಬರ ಹೆಸರು.

ಶಾಲೆ ಬಿಟ್ಟವರ ಲೆಕ್ಕವೂ ಹೀಗೇ. ಕಳೆದ ವರ್ಷ 9ರಲ್ಲಿ 40 ಇದ್ದರು. ಈಗ 10ರಲ್ಲಿ 36, ಮತ್ತೆ 9ರಲ್ಲೇ 1, ಟಿಸಿ ಪಡೆದವರು 2, ಪತ್ತೆ ಇಲ್ಲದವರು 1. ಟಿಸಿ ಪಡೆದ ಇಬ್ಬರನ್ನು ಅವರ ಹೊಸ ಶಾಲೆ ಎಳೆದುಕೊಳ್ಳುವವರೆಗೆ ಯುಡೈಸ್‌ನ ಡ್ರಾಪ್‌ಬಾಕ್ಸ್‌ನಲ್ಲಿ ಮೂವರೂ ಒಟ್ಟಿಗೆ ಕಾಣುತ್ತಾರೆ. ನಿಜವಾಗಿ ಬಿಟ್ಟದ್ದು ಒಬ್ಬರು, ಶೇ. 2.5, ಪರದೆಯ ಮೇಲೆ ಅದು ಶೇ. 7.5. ಆ ಹೊಸ ಶಾಲೆಗೆ ಒಂದು ಫೋನ್ ಮಾಡಿದರೆ ಸರಿಹೋಗುವ ವ್ಯತ್ಯಾಸ ಇದು. ಎಸ್‌ಎಸ್‌ಎಲ್‌ಸಿ ಅನುತ್ತೀರ್ಣರಾಗಿ ಮರುದಾಖಲಾದವರು 10ರಲ್ಲಿ ಇದ್ದರೆ ಅವರನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಇಲ್ಲವಾದರೆ 9ರಿಂದ 10ಕ್ಕೆ ಬಂದವರು ಶೇ. 100ಕ್ಕಿಂತ ಹೆಚ್ಚಾಗುವ ವಿಚಿತ್ರವೂ ಆಗುತ್ತದೆ.

ತಾಳೆ ನೋಡುವ ದಿನ

ತಿಂಗಳ ಕೊನೆಯ ಶನಿವಾರ ಐದು ಕಡೆಯ ಸಂಖ್ಯೆ ಒಂದೇ ಹಾಳೆಯಲ್ಲಿ ಬರೆಯಿರಿ: ಜನರಲ್ ರಜಿಸ್ಟರ್, ಹಾಜರಿ ಪುಸ್ತಕ, ಸ್ಯಾಟ್ಸ್, ಯುಡೈಸ್, ಬಿಸಿಯೂಟ. ಮೊದಲ ನಾಲ್ಕು ಒಂದೇ ಇರಬೇಕು. ಇಲ್ಲದಿದ್ದರೆ ವ್ಯತ್ಯಾಸದ ಪಕ್ಕದಲ್ಲಿ ಮಗುವಿನ ಹೆಸರು ಮತ್ತು ಕಾರಣ. ಐದನೆಯದು ಒಂದೇ ಇರಬಾರದು, ಏಕೆಂದರೆ ಊಟ ಹಾಕುವುದು ಹಾಜರಿದ್ದವರಿಗೆ. ದಾಖಲಾತಿಯೂ ಊಟದ ಸಂಖ್ಯೆಯೂ ತಿಂಗಳಿಡೀ ಒಂದೇ ಇದ್ದರೆ ತಪಾಸಣೆಗೆ ಬಂದವರು ಮೊದಲು ಕೈ ಇಡುವುದು ಅಲ್ಲೇ. 8ನೇ ತರಗತಿಗೆ ತಲೆಗೆ 150 ಗ್ರಾಂ ಧಾನ್ಯ ಹಿಡಿದರೆ 42 ಮಕ್ಕಳಿಗೆ 6.3 ಕಿಲೋ, ಹಾಜರಿದ್ದ 35ಕ್ಕೆ 5.25 ಕಿಲೋ. ದಿನಕ್ಕೆ ಒಂದು ಕಿಲೋ ಮೀರಿದ ಅಂತರ ತಿಂಗಳಿಗೆ ಒಂದು ಚೀಲದ ಅರ್ಧದಷ್ಟಾಗುತ್ತದೆ. 8ನೇ ತರಗತಿ ಕೇಂದ್ರದ ಪಿಎಂ ಪೋಷಣ್ ಯೋಜನೆಯ ಲೆಕ್ಕಕ್ಕೆ, 9 ಮತ್ತು 10 ರಾಜ್ಯದ ಲೆಕ್ಕಕ್ಕೆ ಬರುವುದರಿಂದ ಇವನ್ನು ಬೇರೆಯಾಗಿಯೇ ಎಣಿಸಿ.

ಶಾಲೆಯ ಯುಡೈಸ್ ಕೋಡ್ ಹನ್ನೊಂದು ಅಂಕಿಯದು: ಮೊದಲ 29 ಕರ್ನಾಟಕ, ನಂತರದ ಎರಡು ಜಿಲ್ಲೆ (ಬೆಳಗಾವಿ 01, ಬಾಗಲಕೋಟೆ 02, ವಿಜಯಪುರ 03), ಆಮೇಲೆ ಬ್ಲಾಕ್, ಹಳ್ಳಿ, ಶಾಲೆ. ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ, ಆ ಭಾಗದವರು ತಮ್ಮ ಕೋಡ್ ನೋಡಿಕೊಂಡೇ ಬರೆಯಬೇಕು. ಪತ್ರದಲ್ಲಿ ಪ್ರಾಥಮಿಕ ಶಾಲೆಯ ಕೋಡ್ ಹಾಕಿ ಹೈಸ್ಕೂಲಿನ ಅಂಕಿ ಕಳಿಸುವುದು ಒಂದೇ ಆವರಣದಲ್ಲಿ ಎರಡೂ ಇರುವ ಕಡೆ ಆಗಾಗ ನಡೆಯುತ್ತದೆ.

ಮೂಲ ಪಟ್ಟಿಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅದರಲ್ಲಿ ಮಕ್ಕಳ ಜಾತಿ, ಜನ್ಮ ದಿನಾಂಕ ಎಲ್ಲ ಇದೆ. ಮೇಲಿನವರು ಕೇಳಿದರೆ ಮೊತ್ತದ ಹಾಳೆ ಕಳಿಸಿ. ಅಪಾರ್‌ಗೆ ಪಾಲಕರು ಸಹಿ ಮಾಡಿದ ಒಪ್ಪಿಗೆ ಪತ್ರಗಳನ್ನು ತರಗತಿವಾರು ಪ್ರತ್ಯೇಕ ಫೈಲಿನಲ್ಲಿಡಿ. ಮುಂದಿನ ವರ್ಷದ ಪಠ್ಯಪುಸ್ತಕದ ಬೇಡಿಕೆ ಕೇಳಿದಾಗ 8ಕ್ಕೆ ಈಗಿನ 8ರ ಸಂಖ್ಯೆ ಬರೆಯುವ ಬದಲು ಸುತ್ತಲಿನ ಶಾಲೆಗಳ ಈಗಿನ 7ರ ಪಟ್ಟಿ ತೆಗೆದು, ಮೂರು ವರ್ಷದ ಸರಾಸರಿಯಂತೆ ಎಷ್ಟು ಜನ ನಿಮ್ಮಲ್ಲಿಗೆ ಬರುತ್ತಾರೋ ಅಷ್ಟಕ್ಕೆ ಎರಡು-ಮೂರು ಪ್ರತಿ ಸೇರಿಸಿ ಬರೆಯಿರಿ. ಜೂನ್‌ನಲ್ಲಿ ಗಡಿಯಾಚೆಯಿಂದ ಬರುವ ಮಕ್ಕಳಿಗೆ ಆ ಎರಡು-ಮೂರು ಪ್ರತಿ ಬೇಕಾಗುತ್ತವೆ.